ಅಮ್ಮಣಿಯ ಹೆಸರು ನಾನು ಹೇಳಲಿಲ್ಲ

ಕುದ್ರೋಳಿ, ಬುಧವಾರ

ಪ್ರೀತಿಯ ನಿರೀಕ್ಷಾ,

ನಿನಗೆ ಫೋನ್ ಮಾಡಲು ನನಗೆ ಹೆದರಿಕೆಯಾಗುತ್ತಿದೆ. ನೀನು ಏನೋ ಯೋಚಿಸುತ್ತಾ ಕುಳಿತಿರುವಾಗ ಅದು ಒಮ್ಮೆಲೇ ರಿಂಗಾದರೆ ಏನಾದೀತೋ ಎಂಬ ಹೆದರಿಕೆ. ಮಾಮಿಗೆ ತಲೆ ಕೆಟ್ಟಿದೆ ಎಂದು ನಗಬೇಡ, ನಗುವುದನ್ನು ಕಾಗದ ಮುಗಿಯುವವರೆಗೆ ಬಾಕಿ ಇಡು. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಿನ್ನ ಫೋನನ್ನು ನಿನಗಿಂತ ಮೊದಲು ನಿನ್ನ ಮಮ್ಮಿ ನೋಡುತ್ತಾಳೆ. ಎದುರಿಗೇ ಹೇಳಿಬಿಡೋಣವೆಂದು ಎರಡು ಸಲ ಪಡೀಲಿನವರೆಗೆ ಬಂದೆ. ಮೊದಲ ಸಲ ನಿಮ್ಮ ಆಫೀಸಿನ ಮೆಟ್ಟಿಲ ಬುಡದಿಂದಲೇ ತಿರುಗಿ ಹೋದೆ. ಎರಡನೆಯ ಸಲ ನೀನೇ ಹೊರಗೆ ಬಂದು, ಮದುವೆ ಹಾಲಿನ ಹೂವಿನ ಅಲಂಕಾರದ ಫೋಟೊ ತೋರಿಸಿದೆ. "ಚಂದ ಉಂಟು" ಎಂದು ಹೇಳಿ ಬಸ್ಸು ಹತ್ತಿದೆ. ಆದ್ದರಿಂದ ಈ ಕಾಗದ. ಆಫೀಸಿನ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಓದು, ಓದುವ ಮೊದಲು ಕುಳಿತುಕೊ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಸಲೆಂದೇ ಬರೆಯುತ್ತಿದ್ದೇನೆ. ವಿಷಯ ಇಷ್ಟು. ನನ್ನ ಹೃದಯದ ಬಡಿತದಲ್ಲಿ ಹುಟ್ಟಿನಿಂದಲೇ ಒಂದು ದೋಷ ಇದೆ. ನನ್ನ ತಮ್ಮ, ನಿನ್ನ ಪಪ್ಪನಲ್ಲೂ ಅದೇ ಇದೆ. ನಿನ್ನಲ್ಲಿ ಇರಬಹುದು, ಇಲ್ಲದಿರಬಹುದು, ಅರ್ಧಕ್ಕರ್ಧ. ಮದುವೆ ಮುಗಿಯುವ ತನಕ ಇದನ್ನು ನಿನಗೆ ತಿಳಿಸಬಾರದೆಂದು ನಿನ್ನ ಪಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಈ ಸಾಲು ಬರೆಯುವಾಗಲೇ ಆ ಆಣೆ ಮುರಿದು ಹೋಯಿತು. ಇನ್ನು ಮೊದಲಿನಿಂದ ಹೇಳುತ್ತೇನೆ.

ಕಳೆದ ವರ್ಷ ಜುಲೈಯಲ್ಲಿ, ಬಲ್ಮಠದ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ, ಕೌಂಟರಿನ ಕೆಳಗಿನ ಖಾನೆಯಿಂದ ಹಳೆಯ ರಿಜಿಸ್ಟರು ತೆಗೆಯಲು ಬಗ್ಗಿದ್ದೆ. ತಲೆಯ ಮೇಲೆಯೇ ಲ್ಯಾಂಡ್‌ಲೈನ್ ಫೋನು ಹೊಡೆದುಕೊಂಡಿತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಬಿ.ಕಾಂ. ಹುಡುಗಿಯೊಬ್ಬಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿದರೆ, "ದಾಲ ಇಜ್ಜಿ ವಾರಿಜಕ್ಕ, ಏನೂ ಇಲ್ಲ, ಗ್ಯಾಸ್ ಮೇಲೆ ಹತ್ತಿದ್ದು" ಎಂದರು. ಈ ಗ್ಯಾಸ್ ಎಂಬುದೊಂದು ಇಲ್ಲದಿದ್ದರೆ ಐವತ್ತು ದಾಟಿದ ಹೆಂಗಸರಿಗೆ ಹೇಳಲು ಡಾಕ್ಟರುಗಳ ಬಳಿ ಏನಿರುತ್ತಿತ್ತೋ ದೇವರೇ ಬಲ್ಲ. ಓಮದ ನೀರು ಕುಡಿದು ಸುಮ್ಮನಾದೆ. ಸುಮ್ಮನಿರದವನು ನನ್ನ ಮಗ ಹಿತೇಶ್. "ಅಮ್ಮ, ಗ್ಯಾಸಿಗೆ ಯಾರೂ ಹಾಗೆ ಕಡಿದ ಬಾಳೆಗಿಡದ ಹಾಗೆ ಬೀಳುದಿಲ್ಲ" ಎಂದು ಜಗಳ ಮಾಡಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಸಿಕ್ಕಿದವರು ಬೆನಿಟಾ ಡಾಕ್ಟರು. ನಿನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಇಸಿಜಿಯ ಉದ್ದ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದರು. ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ತಯಾರಾಗಬೇಕಂತೆ. ನನ್ನದು ತಯಾರಾಗಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದು ಇನ್ನೂ ತಯಾರಾಗದ ಹೊತ್ತಿನಲ್ಲಿ ಗಂಟೆಯೋ ಪಟಾಕಿಯೋ ಒಮ್ಮೆಲೇ ಬೆಚ್ಚಿ ಬೀಳಿಸಿದರೆ ತಾಳ ತಪ್ಪಿ, ಬಡಿಯುವ ಬದಲು ಸುಮ್ಮನೆ ಅದುರತೊಡಗುತ್ತದೆ. ತಲೆಗೆ ರಕ್ತ ಹೋಗುವುದಿಲ್ಲ, ಮನುಷ್ಯ ಬೀಳುತ್ತಾನೆ. ಹೆಚ್ಚಿನ ಸಲ ಕೆಲವು ಸೆಕೆಂಡುಗಳಲ್ಲಿ ತಾನಾಗಿ ಸರಿಹೋಗುತ್ತದೆ. ಒಂದು ಸಲ ಸರಿಹೋಗದಿದ್ದರೆ ಮುಗಿಯಿತು. ಅದರ ಹೆಸರು ಲಾಂಗ್ ಕ್ಯೂಟಿ. ನನ್ನ ಗೆರೆ ಆ ದಿನ ಸರಿ ಮತ್ತು ತಪ್ಪಿನ ಗಡಿಯಲ್ಲಿತ್ತು. ಆದ್ದರಿಂದ ಅವರು ಕೇಳಿದರು, "ನಿಮ್ಮವರಲ್ಲಿ ಯಾರಾದ್ರೂ ಸಣ್ಣ ಪ್ರಾಯದಲ್ಲಿ ಸಡನ್ ಆಗಿ ತೀರಿಹೋದವರು ಉಂಟಾ?"

ನಾನು ಹೆಮ್ಮೆಯಿಂದ ಹೇಳಿದ ಉತ್ತರ ಕೇಳು. ನಮ್ಮವರಲ್ಲಿ ಅಂಥವರು ಒಬ್ಬರೂ ಇಲ್ಲ ಎಂದೆ. ಅಮ್ಮ ಎಂಬತ್ತೆರಡು, ಅಜ್ಜಿ ತೊಂಬತ್ತೊಂದು, ದೊಡ್ಡಮ್ಮಂದಿರು, ಮಾವಂದಿರು, ಮೂಲ್ಕಿ ಕಡೆಯ ಕುಟುಂಬದ ಮನೆಯ ಮೂರು ತಲೆಮಾರಿನ ಲೆಕ್ಕ ಒಪ್ಪಿಸಿದೆ. ಎಲ್ಲರೂ ಹಲ್ಲು ಉದುರಿದ ಮೇಲೆಯೇ ಹೋದವರು. ಡಾಕ್ಟರು ಅದನ್ನು ನಂಬಿ ಬರೆದುಕೊಂಡರು. ಒಂದು ತಿಂಗಳು ಬಿಟ್ಟು ಬನ್ನಿ, ಪುನಃ ನೋಡುವ ಎಂದರು.

ತಿಂಗಳು ತುಂಬಲಿಲ್ಲ. ಮಧ್ಯೆ ನನಗೆ ಕೆಮ್ಮು ಹಿಡಿಯಿತು. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕೊಡುವ ಮಾಮೂಲಿ ಗುಳಿಗೆ ಬರೆದುಕೊಟ್ಟರು. ಇಸಿಜಿಯ ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಮ್ಮಿಗೂ ಎದೆಯ ಗೆರೆಗೂ ಏನು ಸಂಬಂಧ ಎಂದುಕೊಂಡೆ. ಆ ಗುಳಿಗೆ ನನ್ನಂಥವರ ಹೃದಯ ತಯಾರಾಗುವುದನ್ನು ಇನ್ನೂ ನಿಧಾನ ಮಾಡುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕುಕ್ಕರ್ ವಿಸಿಲ್ ಹೊಡೆಯಿತು, ನಾನು ಅಡುಗೆಮನೆಯಲ್ಲಿ ಬಿದ್ದೆ. ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಹಿತೇಶ್ ಎಬ್ಬಿಸಿದಾಗ ನನ್ನ ತುಟಿ ನೀಲಿಯಾಗಿತ್ತಂತೆ. ಅವನು ಈಗಲೂ ಅದನ್ನು ಹೇಳುವಾಗ ಬೇರೆ ಕಡೆ ನೋಡುತ್ತಾನೆ.

ಆಸ್ಪತ್ರೆಯಲ್ಲಿ ಎದೆಗೆ ವಯರು ಅಂಟಿಸಿ ಮಲಗಿಸಿದ್ದರು. ಬೆನಿಟಾ ಡಾಕ್ಟರು ಬಂದು ಹಾಸಿಗೆಯ ಪಕ್ಕ ಕುಳಿತು, ಅದೇ ಪ್ರಶ್ನೆಯನ್ನು ಪುನಃ ಕೇಳಿದರು. ನಾನು ಅದೇ ಲೆಕ್ಕ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟು, "ಇದೆಲ್ಲ ನಿಮ್ಮ ಅಮ್ಮನ ಕಡೆ. ಅಪ್ಪನ ಕಡೆ?" ಎಂದರು. ನನಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅವರು ನಮ್ಮವರಲ್ಲ ಡಾಕ್ಟ್ರೇ, ಅವರ ಬರಿ ಬೇರೆ, ಕುಲ ಬೇರೆ" ಎಂದೆ. ನಮ್ಮಲ್ಲಿ ಬರಿ ತಾಯಿಯಿಂದ ಬರುವುದು, ಮನೆ ತಾಯಿಯದು, ದೈವ ತಾಯಿಯ ಕಡೆಯದು, ಅಪ್ಪನ ಮನೆಗೆ ನಾವು ಹೋಗುವುದು ನೆಂಟರ ಹಾಗೆ. ಐವತ್ತೈದು ವರ್ಷ ಹಾಗೆಯೇ ಬದುಕಿದವಳಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು? ಡಾಕ್ಟರು "ವಾರಿಜಾಕ್ಷಿಯಮ್ಮ, ಹಾರ್ಟಿಗೆ ನಿಮ್ಮ ಬರಿ ಎಲ್ಲ ಗೊತ್ತಾಗುದಿಲ್ಲ" ಎಂದರು. ಆಗ ನನಗೆ ಅಮ್ಮಣಿ ನೆನಪಾದಳು.

ಅಮ್ಮಣಿ ನನ್ನ ಅಪ್ಪನ ತಂಗಿ. ನಿನ್ನ ಅಜ್ಜನ ತಂಗಿ. ಅವಳ ಹೆಸರನ್ನು ನೀನು ಕೇಳಿಯೇ ಇರಲಿಕ್ಕಿಲ್ಲ. ನಾನು ಹುಟ್ಟುವ ಮೊದಲೇ ಸತ್ತವಳು, ನಾನು ಅವಳನ್ನು ನೋಡಿದ್ದು ಅವಳ ಮದುವೆಯಲ್ಲಿ. ಗಾಬರಿಯಾಗಬೇಡ. ನನಗೆ ಎಂಟು ವರ್ಷ. ಅಪ್ಪನ ಇನ್ನೊಬ್ಬಳು ತಂಗಿಗೆ ಸಂಬಂಧಗಳು ಕೂಡಿಬರುತ್ತಿರಲಿಲ್ಲ. ಸತ್ತ ಅಕ್ಕನಿಗೆ ಮದುವೆಯಾಗದೆ ಇವಳಿಗೆ ಆಗುವುದಿಲ್ಲ ಎಂದು ಹಿರಿಯರು ಜೋಯಿಸರಲ್ಲಿ ಕೇಳಿಸಿಕೊಂಡು ಬಂದರು. ಹಾಗೆ ಬೇರೆ ಬರಿಯ, ಸಣ್ಣ ಪ್ರಾಯದಲ್ಲೇ ಸತ್ತ ಹುಡುಗನೊಬ್ಬನನ್ನು ಹುಡುಕಿ, ಗುರುಪುರದ ಮನೆಯಲ್ಲಿ ಇಬ್ಬರಿಗೂ ಮದುವೆ ಮಾಡಿದರು. ಮಕ್ಕಳು, ಮದುವೆಯಾಗದವರು ಅದನ್ನು ನೋಡಬಾರದು. ನಾನು ಕಿಟಕಿಯ ಸಂದಿನಿಂದ ನೋಡಿದೆ. ಒಂದು ಕುರ್ಚಿಯಲ್ಲಿ ಧೋತಿ, ಅಂಗಿ. ಇನ್ನೊಂದರಲ್ಲಿ ಧಾರೆ ಸೀರೆ, ರವಿಕೆ, ಬಳೆ, ಮಲ್ಲಿಗೆ. ಕುರ್ಚಿಯಲ್ಲಿ ಯಾರೂ ಇಲ್ಲ. ಆ ಸೀರೆಗೆ ಹೆಂಗಸರು ಅರಸಿನ ಕುಂಕುಮ ಇಡುತ್ತಿದ್ದರು, ಅಪ್ಪ ಕಂಬಕ್ಕೆ ಒರಗಿ ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಎಲ್ಲರೂ ಕೋಳಿ ಸುಕ್ಕ ಊಟ ಮಾಡಿದರು.

ಅಮ್ಮಣಿ ಸತ್ತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ದೇವಸ್ಥಾನದ ಕಡೆಯಿಂದ ಗರ್ನಾಲ್ ಪಟಾಕಿ ಸಿಡಿಯಿತು, ಕೊಡದ ಜೊತೆಗೇ ಬಿದ್ದಳು. ಪ್ರೇತದ ಸೋಂಕು ತಗಲಿತು ಎಂದರು ಕೆಲವರು, ದೈವ ಕರೆಯಿತು ಎಂದರು ಕೆಲವರು. ಅಪ್ಪನಿಗೆ ಮಾತ್ರ ಜೀವನವಿಡೀ ಏನೂ ಆಗಲಿಲ್ಲ, ಎಪ್ಪತ್ತನಾಲ್ಕರವರೆಗೆ ಬದುಕಿದರು. ಈ ದೋಷ ಹಾಗೆಯೇ ಅಂತೆ, ಒಬ್ಬರಲ್ಲಿ ಜೀವನವಿಡೀ ಸುಮ್ಮನೆ ಕುಳಿತಿರುತ್ತದೆ, ಇನ್ನೊಬ್ಬರನ್ನು ಹತ್ತೊಂಬತ್ತಕ್ಕೇ ಮುಗಿಸುತ್ತದೆ. ಅವಳಿಗೆ ಸೀರೆ ಉಡಿಸಿದೆವು, ಗಂಡನನ್ನು ಹುಡುಕಿದೆವು, ಬಡಿಸಿದೆವು. ಅವಳು ಯಾಕೆ ಬಿದ್ದಳೆಂದು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದಾಗ ನಾನು ಅವಳ ಹೆಸರನ್ನೇ ಹೇಳಲಿಲ್ಲ.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ನನ್ನ ರಕ್ತ ಪರೀಕ್ಷೆಗೆ ಹೋಯಿತು, ದೋಷ ಖಚಿತವಾಯಿತು. ಹಿತೇಶನನ್ನು ನೋಡಿದರು, ಅವನಲ್ಲಿ ಇಲ್ಲ. ಆ ರಿಪೋರ್ಟು ಹಿಡಿದು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎಲ್ಲ ದೇವರಿಗೂ ಕೈ ಮುಗಿದೆ. ಕೈ ಇಳಿಸುವ ಮೊದಲೇ ನಿನ್ನ ಮುಖ ಕಣ್ಣೆದುರು ಬಂತು. ನಮ್ಮ ಲೆಕ್ಕದಲ್ಲಿ ನೀನು ನನ್ನ ಬರಿಯವಳಲ್ಲ, ನಿನ್ನ ಮಮ್ಮಿಯ ಬರಿಯವಳು. ಆದರೆ ಅಮ್ಮಣಿಯದು ಅಪ್ಪನಲ್ಲಿತ್ತು, ಅಪ್ಪನದು ನನಗೂ ಬಂತು, ತಮ್ಮ ಜಯನಿಗೂ ಬಂದಿದ್ದರೆ? ಉಪಾಯ ಮಾಡಿ, ಬಿ.ಪಿ. ನೋಡಿಸುವ ಎಂದು ಹೇಳಿ ನಿನ್ನ ಪಪ್ಪನನ್ನು ಕರೆದುಕೊಂಡು ಹೋದೆ. ಅವನ ಗೆರೆ ನನ್ನದಕ್ಕಿಂತ ಉದ್ದ ಇತ್ತು. ಅಂದಿನಿಂದ ಅವನು ಗುಳಿಗೆ ತೆಗೆದುಕೊಳ್ಳುತ್ತಿದ್ದಾನೆ. ಅದನ್ನು ಬಿ.ಪಿ.ಗೆ ಎಂದು ನಿಮಗೆ ಹೇಳಿದ್ದಾನೆ.

ಡಾಕ್ಟರು ಅವನಿಗೆ ನನ್ನ ಎದುರೇ ಹೇಳಿದರು, ಮಗಳನ್ನು ಕರೆದುಕೊಂಡು ಬನ್ನಿ ಎಂದು. ಅವನು ತಲೆಯಾಡಿಸಿದ. ಹೊರಗೆ ಬಂದು, ಕಾರಿನ ಬಾಗಿಲು ಹಾಕಿ, ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತ. "ಅಕ್ಕ, ಈಗ ಇದು ಹೊರಗೆ ಬಿದ್ರೆ ದೀಪೇಶನ ಮನೆಯವರು ಎಂತ ಹೇಳ್ತಾರೆ? ಹುಡುಗಿಗೆ ಹಾರ್ಟ್ ಪ್ರಾಬ್ಲೆಮ್ ಉಂಟಂತೆ ಹೇಳಿ ಊರಿಡೀ ಆಗ್ತದೆ. ಮದುವೆ ಒಮ್ಮೆ ಮುಗಿಯಲಿ, ಮತ್ತೆ ನಾನೇ ಕರ್ಕೊಂಡು ಹೋಗ್ತೇನೆ" ಎಂದ. ನಾನು ಬೈದೆ. ಅವನು ಅತ್ತ. ನಾನು ಎತ್ತಿ ಆಡಿಸಿದ ತಮ್ಮ, ಇಪ್ಪತ್ತು ವರ್ಷ ಬಹರೈನಿನ ಬಿಸಿಲಲ್ಲಿ ದುಡಿದು ಬಂದವನು, ನನ್ನೆದುರು ಹಾಗೆ ಅತ್ತವನಲ್ಲ. ನನ್ನ ಮನಸ್ಸು ಕರಗಿತು. ಕುಟುಂಬದ ದೈವದ ಹೆಸರು ಹೇಳಿ ಆಣೆ ಹಾಕು ಎಂದ, ಹಾಕಿದೆ. ನಮ್ಮೂರಿನಲ್ಲಿ ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳುವವರೂ ದೈವದ ಆಣೆ ಎಂದರೆ ಬಾಯಿ ಮುಚ್ಚುತ್ತಾರೆ. ನಾನೂ ಮುಚ್ಚಿದೆ.

ಈಗ ಹೇಳಬೇಕಾದದ್ದು ಬಹಳ ಕಷ್ಟದ್ದು. ಹನ್ನೆರಡು ದಿನದ ಹಿಂದೆ ಧಾರೆ ಸೀರೆ ತೆಗೆಯಲು ಹೋದಾಗ ಅಂಗಡಿಯಲ್ಲಿ ಕಪಾಟಿಗೆ ಒರಗಿಸಿದ್ದ ಸ್ಟೀಲಿನ ಏಣಿ ಧಡಾರೆಂದು ಬಿತ್ತಲ್ಲ. ನೀನು ಹೆಗಲ ಮೇಲೆ ಸೀರೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ನೀನು ಬಿದ್ದೆ. ಎಲ್ಲರೂ ಕೂಗಾಡಿದರು. ನಿನ್ನ ತಲೆ ನನ್ನ ಮಡಿಲಲ್ಲಿತ್ತು. ನಿನ್ನ ಕತ್ತಿನಲ್ಲಿ ಎರಡು ಬೆರಳಿಟ್ಟು ಹುಡುಕಿದೆ, ಏನೂ ಸಿಗಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಿದೆ. ಹನ್ನೊಂದಕ್ಕೆ ನೀನು ಉಸಿರೆಳೆದೆ. ನಿನ್ನ ಮಮ್ಮಿ ಅಳುತ್ತಾ, "ಎಂತ ಆಯ್ತು ಇವಳಿಗೆ?" ಎಂದು ಕೇಳಿದಳು. ಅಂಗಡಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಎಲ್ಲ ಗೊತ್ತಿದ್ದವಳು ನಾನೊಬ್ಬಳೇ. "ಬೆಳಿಗ್ಗೆಯಿಂದ ಎಂತ ತಿನ್ಲಿಲ್ಲ ಅಲ್ವಾ, ಹಸಿವಿಗೆ" ಎಂದೆ. ನಿನಗೆ ಲಿಂಬೆ ಶರಬತ್ತು ತರಿಸಿ ಕುಡಿಸಿದರು. ನೀನು ನಾಚಿಕೊಂಡು ನಕ್ಕು, ಅದೇ ಸೀರೆಯನ್ನೇ ತೆಗೆದುಕೊಂಡೆ.

ನನಗೆ ಗ್ಯಾಸ್ ಎಂದ ಕ್ಲಿನಿಕ್ಕಿನವರಿಗಾದರೂ ವಿಷಯ ಗೊತ್ತಿರಲಿಲ್ಲ. ನಾನು ತಿಳಿದೂ ತಿಳಿದೂ ಸುಳ್ಳು ಹೇಳಿದೆ. ನೀನು ಎಂಟನೆಯ ಕ್ಲಾಸಿನಲ್ಲಿ ಸ್ಪೋರ್ಟ್ಸ್ ಡೇ ದಿನ ಓಟ ಶುರುವಾಗುವ ಶಬ್ದಕ್ಕೇ ಬಿದ್ದದ್ದು, ಬಿಸಿಲಿಗೆ ಎಂದು ಎಲ್ಲರೂ ಹೇಳಿ ಕೈಗೆ ನೂಲು ಕಟ್ಟಿಸಿದ್ದು, ಅದೂ ಆಮೇಲೆ ನೆನಪಾಯಿತು. ಅಂದಿನಿಂದ ನನಗೆ ಸರಿಯಾಗಿ ಅನ್ನ ಸೇರುತ್ತಿಲ್ಲ. ಆಣೆ ಮುರಿದರೆ ದೈವದ ಭಯ, ಮುರಿಯದಿದ್ದರೆ ನಿನ್ನ ಜೀವದ ಭಯ, ಅತ್ತ ದರಿ ಇತ್ತ ಪುಲಿ. ನಿನ್ನೆ ನಿನ್ನ ಮಮ್ಮಿ ಫೋನ್ ಮಾಡಿ, ದಿಬ್ಬಣ ಬರುವಾಗ ಹಾಲಿನ ಗೇಟಿನಲ್ಲಿ ಚೆಂಡೆ ಇದೆ, ಗರ್ನಾಲ್ ಇದೆ ಎಂದು ಖುಷಿಯಿಂದ ಹೇಳಿದಳು. ಮದುವೆಯಾದ ಮೇಲೆ ನೋಡೋಣ ಎನ್ನುವವರು ಮದುವೆಯ ದಿನವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಮೇಲಿನದನ್ನೂ ಹಿಡಿದಿಲ್ಲ. ಈ ದೋಷ ಇರುವ ಹೆಂಗಸರಿಗೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ಅಪಾಯ ಹೆಚ್ಚು ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಹಿತೇಶ್ ಹುಟ್ಟಿದ ಮೇಲೆ ನಾನು ಹೇಗೆ ಉಳಿದೆನೋ ಗೊತ್ತಿಲ್ಲ. ಗೊತ್ತಿಲ್ಲದೆ ಉಳಿದವರ ಕತೆ ಹೇಳಲು ನಾನಿದ್ದೇನೆ. ಗೊತ್ತಿಲ್ಲದೆ ಹೋದವರ ಕತೆ ಹೇಳಲು ಯಾರಿದ್ದಾರೆ?

ಇರುವುದನ್ನು ತಿಳಿದುಕೊಂಡು ಬದುಕಲು ಆಗುತ್ತದೆ, ನಿರೀಕ್ಷಾ. ಹೆದರಿಕೆ ಹೋಗುವುದಿಲ್ಲ, ಆ ಸುಳ್ಳು ಹೇಳಲಾರೆ. ಸೀನಿದರೂ ಎದೆ ಧಸಕ್ಕೆನ್ನುತ್ತದೆ. ಆದರೆ ಹೆದರಿಕೆಗೆ ಕೆಲಸ ಕೊಟ್ಟಿದ್ದೇನೆ. ದಿನಕ್ಕೆ ಎರಡು ಹೊತ್ತು ಗುಳಿಗೆ, ಒಂದು ದಿನವೂ ತಪ್ಪುವಂತಿಲ್ಲ. ವಾಂತಿಭೇದಿಯಾದರೆ ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೋಗುವುದು. ನನಗೆ ಆಗದ ಔಷಧಿಗಳ ಹೆಸರನ್ನು ಲೈಬ್ರರಿಯ ಕಾರ್ಡಿನ ಮೇಲೆ ಬರೆದು ಪರ್ಸಿನಲ್ಲಿ ಇಟ್ಟಿದ್ದೇನೆ. ಮೊದಲು ಡಾಕ್ಟರಿಗೆ ಕಾರ್ಡು ತೋರಿಸಲು ನಾಚಿಕೆಯಾಗುತ್ತಿತ್ತು, ಇವಳು ನಮಗೇ ಕಲಿಸಲು ಬಂದಳು ಎಂದುಕೊಂಡಾರು ಎಂದು. ಒಬ್ಬರು ಹಾಗೆ ಅಂದರು ಕೂಡ. ಅನ್ನಲಿ, ಬೀಳುವವಳು ನಾನು. ನಮ್ಮ ಬೀದಿಯ ಮೆಡಿಕಲ್ ಶಾಪಿನ ಖಾಲಿದ್ ಆ ಕಾರ್ಡಿನ ಫೋಟೊ ತೆಗೆದು ಕೌಂಟರಿನ ಒಳಗೆ ಅಂಟಿಸಿದ್ದಾನೆ. ಮೊನ್ನೆ ಹೊಟ್ಟೆ ತೊಳಸಿದ್ದಕ್ಕೆ ಯಾರೋ ಬರೆದ ಚೀಟಿ ಕೊಟ್ಟರೆ, "ಇದು ನಿಮಗೆ ಆಗುದಿಲ್ಲ ಮಾರಾಯ್ರೆ, ಕಾರ್ಡಲ್ಲಿ ಉಂಟು ನೋಡಿ" ಎಂದು ವಾಪಸು ಕಳಿಸಿದ. ನನ್ನ ಜೀವವನ್ನು ಕಾಯುವವರು ಇಷ್ಟು ಜನ. ನಿನ್ನದನ್ನು ಕಾಯಲು ಸದ್ಯ ಯಾರೂ ಇಲ್ಲ, ಯಾಕೆಂದರೆ ನಿನಗೇ ಗೊತ್ತಿರಲಿಲ್ಲ.

ಶನಿವಾರ ನಿನಗೆ ರಜೆ. ಬೆಳಿಗ್ಗೆ ಹತ್ತೂವರೆಗೆ ಬೆನಿಟಾ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಆಸ್ಪತ್ರೆಯ ಹೆಸರು, ಕೋಣೆ ನಂಬರು ಕಾಗದದ ಹಿಂದೆ ಇದೆ. ಇಸಿಜಿಗೆ ಹತ್ತು ನಿಮಿಷ ಸಾಕು, ನೋವಿಲ್ಲ. ಅದರಲ್ಲಿ ಸರಿ ಬಂದರೂ ನಂಬಿ ಎದ್ದು ಬರಬೇಡ, ರಕ್ತವನ್ನೂ ಕೊಡು. ನನ್ನ ಗೆರೆ ಮೊದಲು ಗಡಿಯಲ್ಲಿ ನಿಂತು ಮೋಸ ಮಾಡಿದ್ದನ್ನು ಮರೆಯಬೇಡ. ದೋಷ ಇಲ್ಲವೆಂದಾದರೆ ಈ ಕಾಗದ ಹರಿದು ಹಾಕು, ಮದುವೆಯ ಹೊತ್ತಿನಲ್ಲಿ ಹೆದರಿಸಿದ ಮುದುಕಿ ಎಂದು ಜೀವನವಿಡೀ ಬೈಯುತ್ತಿರು, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಇದೆ ಎಂದಾದರೆ ದೀಪೇಶನಿಗೆ ನೀನೇ ಹೇಳು, ಬೇರೆಯವರ ಬಾಯಿಂದ ಅವನಿಗೆ ತಿಳಿಯುವುದು ಬೇಡ. ಅದನ್ನು ಕೇಳಿ ಅವನು ಎದ್ದು ಹೋದರೆ ನಾನು ನಿನ್ನ ಜೊತೆ ಕುಳಿತು ಅಳುತ್ತೇನೆ. ನೀನು ಎದ್ದು ಹೋದರೆ ನಾನು ಯಾರ ಜೊತೆ ಕುಳಿತು ಅಳಲಿ?

ನಿನ್ನ ಪಪ್ಪನನ್ನು ದ್ವೇಷಿಸಬೇಡ. ಅವನಿಗೂ ಹೆದರಿಕೆಯೇ, ಅವನ ಹೆದರಿಕೆ ತಪ್ಪು ದಾರಿ ಹಿಡಿಯಿತು ಅಷ್ಟೇ. ನಾಳೆ ಬೆಳಿಗ್ಗೆಯೇ ಈ ಕಾಗದ ಸ್ಪೀಡ್ ಪೋಸ್ಟಿಗೆ ಹಾಕಿ, ಅಲ್ಲಿಂದ ನೇರ ಅವನ ಅಂಗಡಿಗೆ ಹೋಗಿ, ಮುರಿದೆ ಎಂದು ಹೇಳುತ್ತೇನೆ. ಅವನು ನನ್ನೊಡನೆ ಮಾತು ಬಿಡಬಹುದು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇದೆ. ಈ ವರ್ಷ ಕುಟುಂಬದ ಮನೆಯ ಕೋಲದಲ್ಲಿ ದೈವದ ಎದುರು ನಿಂತು, ಅದರ ಹೆಸರಿನಲ್ಲಿ ಹಾಕಿದ ಆಣೆ ಮುರಿದವಳು ನಾನು ಎಂದು ಒಪ್ಪಿಕೊಳ್ಳಬೇಕು. ಯಾಕೆ ಮುರಿದೆ ಎಂದು ದೈವ ಕೇಳಿಯೇ ಕೇಳುತ್ತದೆ. ಆ ದಿನ ನೀನು ಬಂದು ನನ್ನ ಪಕ್ಕದಲ್ಲಿ ನಿಂತಿರಬೇಕು. ನಿನ್ನನ್ನು ತೋರಿಸುತ್ತೇನೆ. ನನ್ನ ಪರವಾಗಿ ಬೇರೆ ಸಾಕ್ಷಿ ಇಲ್ಲ.

ನನ್ನ ಅಜ್ಜಿಯ ಹಾಗೆ ಹಲ್ಲೆಲ್ಲ ಉದುರುವ ತನಕ ಬಾಳು, ಮಗಾ.

ಶನಿವಾರ ಹತ್ತಕ್ಕೇ ಬಂದು ಕುಳಿತಿರುವ,
ನಿನ್ನ ಮಾಮಿ
ವಾರಿಜಾಕ್ಷಿ